ಅರವತ್ತೊಂದನೇ ಪುಟ

ಶನಿವಾರದ ಬೆಳಗಿನ ಶಾಲೆ ಇನ್ನೇನು ಮುಗಿಯಬೇಕು, ಆಗ ಆ ಕಾರ್ಡು ಬಂತು.

"ಸಾರ್, ನಿಮ್ಮ 'ಹಾಳುಬಾವಿಯ ಏಳು ಬೀಗ' ಕಾದಂಬರಿಯನ್ನು ನಾನೂ ನನ್ನ ತಮ್ಮಂದಿರೂ ಮೂರು ಸಲ ಓದಿದೆವು. ನಮ್ಮ ಹಟ್ಟಿಯ ಹಿಂದೆಯೂ ಒಂದು ಹಾಳುಬಾವಿ ಇದೆ. ಅರವತ್ತೊಂದನೇ ಪುಟದಲ್ಲಿ ಇರುವ ಹಾಗೆ ಶನಿವಾರ ಮಧ್ಯಾಹ್ನ ಲಾಟೀನು ಹಿಡಿದು ಇಳಿಯುತ್ತೇವೆ. ಇಂತಿ, ಯಲ್ಲಕ್ಕ, ಏಳನೇ ತರಗತಿ, ತುರುವನೂರು."

ಶನಿವಾರ ಎಂದರೆ ಇವತ್ತೇ. ಕಾರ್ಡನ್ನು ಜೇಬಿಗೆ ತುರುಕಿ ಬಸ್ ನಿಲ್ದಾಣಕ್ಕೆ ಓಡಿದೆ.

ನಾನು ಹೊಳಲ್ಕೆರೆಯ ಮೇಷ್ಟ್ರು, ಮರುಳಸಿದ್ದಪ್ಪ. ಹೋದ ವರ್ಷ, ಎಪ್ಪತ್ಮೂರರಲ್ಲಿ, ಮಕ್ಕಳಿಗೆಂದು ಒಂದು ಸಾಹಸ ಕಾದಂಬರಿ ಬರೆದು, ಊರಿನಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದ್ದೆ. ನಿಜ ಹೇಳುತ್ತೇನೆ, ನಾನು ಯಾವ ಬಾವಿಗೂ ಇಳಿದವನಲ್ಲ. ಬಗ್ಗಿ ನೋಡಿದರೇ ತಲೆ ತಿರುಗುತ್ತದೆ. ಕುರ್ಚಿಯಲ್ಲಿ ಕೂತು, ಕಾಫಿ ಹೀರುತ್ತಾ ಮೂರು ಮಕ್ಕಳನ್ನು ಬಾವಿಗೆ ಇಳಿಸಿದ್ದೆ, ಅಷ್ಟೆ.

ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಹನ್ನೆರಡೂವರೆ. ತುರುವನೂರಿನ ಬಸ್ಸು ಜನ ತುಂಬದೆ ಹೊರಡುವುದಿಲ್ಲ ಎಂದು ಹಟ ಹಿಡಿದು ನಿಂತಿತ್ತು. "ಮಕ್ಕಳ ಜೀವದ ವಿಷಯ ಕಣಯ್ಯ!" ಎಂದು ಕಂಡಕ್ಟರ್ ಮೇಲೆ ಕೂಗಾಡಿದೆ.

"ಏನಾಗೈತೆ ಸಾರ್?" ಎಂದು ಅವನು ಗಾಬರಿಯಿಂದ ಕೇಳಿದ.

ನಾನೊಂದು ಕಥೆ ಬರೆದೆ ಎಂದು ಹೇಳುವುದು ಹೇಗೆ? ಹೋಗಿ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ನನ್ನ ತಲೆಯೊಳಗೆ ಹಗ್ಗ ಹರಿಯುತ್ತಿತ್ತು, ಕಲ್ಲು ಜಾರುತ್ತಿತ್ತು, ಹಾವು ಹೆಡೆ ಎತ್ತುತ್ತಿತ್ತು. ಇದನ್ನೆಲ್ಲ ಬರೆಯುವಾಗ ಎಷ್ಟು ಖುಷಿಪಟ್ಟಿದ್ದೆನೋ, ಈಗ ಅಷ್ಟೇ ಸಂಕಟ.

ತುರುವನೂರಿನಲ್ಲಿ ಇಳಿದು ಕೇಳಿಕೊಂಡು ಹೋದಾಗ ಗೊಲ್ಲರ ಹಟ್ಟಿಯ ಹಿಂದೆ ಬಾವಿ ಸಿಕ್ಕಿತು. ಕಟ್ಟೆಯ ಮೇಲೆ ಮೂರು ಶಾಲೆ ಚೀಲಗಳು. ಪಕ್ಕದಲ್ಲಿ ನನ್ನ ಪುಸ್ತಕ, ಹಾರಿಹೋಗದಂತೆ ಮೇಲೊಂದು ಕಲ್ಲು. ಒಂದು ಹಗ್ಗ ಒಳಗೆ ಇಳಿಬಿದ್ದಿತ್ತು. ಮಕ್ಕಳು ಮಾತ್ರ ಇಲ್ಲ.

"ಯಲ್ಲಕ್ಕಾ!" ಎಂದು ಕೂಗಿದೆ. ಬಾವಿ ನನ್ನ ದನಿಯನ್ನೇ ವಾಪಸ್ಸು ಕೊಟ್ಟಿತು. ಕಣ್ಣು ಮುಚ್ಚಿಕೊಂಡು ಹಗ್ಗ ಎಳೆದೆ. ಹಗುರವಾಗಿ ಬಂತು. ತುದಿಯಲ್ಲಿ ಇದ್ದದ್ದು ಆರಿಹೋದ ಲಾಟೀನು.

ನಾನು ಅಳುತ್ತಿದ್ದೆನೆಂದು ಕಾಣುತ್ತದೆ.

"ಯಾರ್ರಿ ಅದು? ಲಾಟೀನು ಯಾಕೆ ಎತ್ತಿದ್ರಿ?"

ಎರಡು ಜಡೆಯ ಹುಡುಗಿಯೊಬ್ಬಳು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ಹಟ್ಟಿಯ ಕಡೆಯಿಂದ ಬಂದಳು. ಹಿಂದೆ ಇಬ್ಬರು ತಮ್ಮಂದಿರು. ನನ್ನ ಹೆಸರು ಹೇಳಿದೆ. ಯಲ್ಲಕ್ಕ ಕಣ್ಣರಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪುಸ್ತಕದ ಅರವತ್ತೊಂದನೇ ಪುಟ ತೆಗೆದಳು.

"ಇದ್ರಾಗೆ ಒಂದು ತಪ್ಪೈತೆ ಸಾರ್," ಎಂದು ಓದಿದಳು: "ಗಾಳಿಯ ಸುಳಿವೇ ಇಲ್ಲದ ಆ ತಳದಲ್ಲಿ ಲಾಟೀನು ಅಲುಗದೆ ಉರಿಯುತ್ತಿತ್ತು."

ನಾನು ತುಂಬಾ ಹೆಮ್ಮೆಪಟ್ಟಿದ್ದ ಸಾಲು ಅದು.

"ಗಾಳಿ ಇಲ್ದಿದ್ರೆ ದೀಪ ಹೆಂಗೆ ಉರೀತೈತೆ? ನಮ್ಮಜ್ಜಿ ಹುಚ್ಚಕ್ಕ ಹೇಳ್ತು, ಹಾಳುಬಾವಿಯಾಗೆ ಕೆಟ್ಟ ಗಾಳಿ ಇರ್ತೈತೆ, ಉಸಿರು ಕಟ್ತೈತೆ, ಮೊದ್ಲು ದೀಪ ಇಳಿಸ್ರಿ, ಅದು ಆರಿದ್ರೆ ನೀವು ಇಳೀಬ್ಯಾಡ್ರಿ ಅಂತ. ಎರಡು ಸಲ ಇಳಿಸಿದ್ವಿ ಸಾರ್. ಎರಡು ಸಲಾನೂ ಆರ್ತು."

ಕಟ್ಟೆಯ ಮೇಲೆ ಕೂತೆ. ಹಾವಿಗೆ ಹೆದರಿದ್ದೆ, ಹಗ್ಗಕ್ಕೆ ಹೆದರಿದ್ದೆ. ನಿಜವಾಗಿ ಹೆದರಬೇಕಾದದ್ದು ಯಾವುದೆಂದೇ ನನಗೆ ಗೊತ್ತಿರಲಿಲ್ಲ. ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿ, ಅಂಚಿನಲ್ಲಿ ಅಜ್ಜಿಯ ಮಾತನ್ನು ಬರೆದೆ.

"ಇಂಥವು ಎಷ್ಟು ಪುಸ್ತಕ ಅವೆ ಸಾರ್?"

"ಐನೂರು."

"ಎಲ್ಲೆಲ್ಲಿ ಅವೆ?"

ಹಿರಿಯೂರು, ಹೊಸದುರ್ಗ, ಮಾಡದಕೆರೆ. ಯಾವ ಶಾಲೆಯ ಬೀರುವಿನಲ್ಲಿ, ಯಾವ ಮಗುವಿನ ಚೀಲದಲ್ಲಿ, ನನಗೇನು ಗೊತ್ತು?

ಯಲ್ಲಕ್ಕ ಲಾಟೀನನ್ನು ನೆಲಕ್ಕಿಟ್ಟಳು. "ಅಲ್ಲೆಲ್ಲ ನಮ್ಮಜ್ಜಿ ಇಲ್ವಲ್ಲ ಸಾರ್," ಎಂದಳು.

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ನಾನು ಕಾಯಲಿಲ್ಲ, ಹಿರಿಯೂರಿಗೂ ಹೊಸದುರ್ಗಕ್ಕೂ ಬಸ್ಸು ಸಿಗುವ ದುರ್ಗದ ಕಡೆ ನಡೆಯತೊಡಗಿದೆ.