ದಾರವಿಲ್ಲದ ಗಂಟು

ಗ್ರಂಥಾಲಯದ ಮೇಡಂ ನಿಘಂಟನ್ನು ಮೂಗಿನ ಹತ್ತಿರ ತಂದವರೇ ತೋಳುದ್ದ ದೂರ ಹಿಡಿದರು. "ಇದು ಮೂರನೇ ಸಲ. ಬೈಂಡಿಂಗ್ ಚೆನ್ನಾಗಿದೆ. ಆದ್ರೆ ಓದೋರು ಮೂಗು ಮುಚ್ಕೊಂಡು ಓದ್ಬೇಕಾ? ನಿಮ್ಮ ಬೆಕ್ಕಿಗೆ ಏನಾದ್ರೂ ದಾರಿ ಮಾಡಿ, ಇಲ್ಲಾಂದ್ರೆ ಪುಸ್ತಕ ಕಳ್ಸೋದು ನಿಲ್ಲಿಸ್ತೀವಿ."

ಪುಸ್ತಕ ಕಟ್ಟುವಾತ ತಲೆ ತಗ್ಗಿಸಿ ನಿಂತ. ಬೈಸಿಕೊಂಡವನು ಅವನಾದರೂ ತಪ್ಪು ದಳವಾಯಿಯದು. ದಳವಾಯಿ ಅಂದರೆ ಅವನ ಅಂಗಡಿಯ ಗಡವ ಬೆಕ್ಕು. ಬೆದೆಗೆ ಬಂದ ಹೆಣ್ಣೊಂದು ಬೀದಿಯಲ್ಲಿ ಕೂಗಿದರೆ ಸಾಕು, ಜೋಡಿಸಿಟ್ಟ ಪುಸ್ತಕಗಳ ಬೆನ್ನಿಗೆ ಬಾಲ ನಡುಗಿಸಿ ಉಚ್ಚೆ ಸಿಡಿಸಿ, ಇದು ನನ್ನ ಸೀಮೆ ಎಂದು ಸಾರಿ, ಅನ್ನ ನೀರು ಬಿಟ್ಟು ಹೊರಟುಬಿಡುತ್ತಿದ್ದ. ನಾಲ್ಕು ದಿನದ ಮೇಲೆ ಕಿವಿ ಹರಿದುಕೊಂಡು, ಎಲುಬು ಎಣಿಸುವಂತಾಗಿ ಬಂದರೂ ನಡಿಗೆಯ ಗತ್ತು ಎಳ್ಳಷ್ಟೂ ಇಳಿದಿರುತ್ತಿರಲಿಲ್ಲ. ಆ ಗತ್ತನ್ನು ನೋಡಿದರೆ ಪುಸ್ತಕ ಕಟ್ಟುವಾತನಿಗೆ ಹೊಟ್ಟೆ ತುಂಬುತ್ತಿತ್ತು. ತಾನಂತೂ ಜನ್ಮದಲ್ಲಿ ಯಾರಿಗೂ ಎದುರಾಡಿದವನಲ್ಲ.

"ಬೀಜ ತೆಗೆಸಿದ್ರೆ ಅವ್ನು ಅವ್ನಾಗೇ ಉಳೀತಾನೇನೇ?" ಎಂದು ಹೆಂಡತಿಯನ್ನು ಕೇಳಿದ.

"ಹೋದ ಸಲ ಕಚ್ಚಿಸ್ಕೊಂಡು ಕುತ್ತಿಗೆ ಕೀವಾದಾಗ ಕೂತು ಅತ್ತೋರು ಯಾರು? ಮೊದ್ಲು ಜೀವ ಉಳೀಲಿ. ಗತ್ತು ಆಮೇಲೆ ನೋಡ್ಕೊಳ್ಳೋಣ" ಎಂದಳು ಅವಳು, ಬುಟ್ಟಿಯ ಮುಚ್ಚಳ ಬಿಗಿಯುತ್ತ.

ಪಶು ಆಸ್ಪತ್ರೆಯ ಡಾಕ್ಟರಮ್ಮ ಕುಳ್ಳಗಿನ ಹೆಂಗಸು. ಮೇಜು ಎಟುಕಲೆಂದು ಮಣೆಯ ಮೇಲೆ ನಿಂತಿದ್ದರು. ಮಂಪರಿನ ಸೂಜಿಗೆ ದಳವಾಯಿ ನಾಲಗೆ ಚಾಚಿ ಮಲಗಿದ್ದ. ಪುಸ್ತಕ ಕಟ್ಟುವಾತ ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಅಂಚಿಗಿಟ್ಟ.

"ಏನಿದು?"

"ದಾರ, ಡಾಕ್ಟ್ರೇ. ಕುದಿಸಿದ್ದೀನಿ. ಮೇಣ ಬಿಟ್ಟೋಯ್ತು, ಅದಕ್ಕೇ ಮತ್ತೆ ಮೇಣ ತಿಕ್ಕಿ ತಂದೆ. ನನ್ನ ಹೊಲಿಗೆ ಇಪ್ಪತ್ತು ವರ್ಷ ಆದ್ರೂ ಬಿಚ್ಚಲ್ಲ."

ಡಾಕ್ಟರಮ್ಮ ನಗಲಿಲ್ಲ. ಎಳೆಯೊಂದನ್ನು ಜಗ್ಗಿ ನೋಡಿದರು. "ಒಳ್ಳೇ ದಾರ. ಆದ್ರೆ ಇವ್ನಿಗೆ ದಾರಾನೇ ಬೇಡ. ಅಲ್ಲೇ ನಿಂತು ನೋಡಿ."

ಬೆರಳ ಉಗುರಿನಷ್ಟು ಕೊಯ್ದು ಬೀಜವನ್ನು ಹೊರಗೆ ಜಾರಿಸಿದರು. ಅದರ ಬೆಳ್ಳನೆಯ ನಾಳವನ್ನು ಇಕ್ಕಳದ ಮೂತಿಗೆ ಒಂದು ಸುತ್ತು ಸುತ್ತಿ, ಅದೇ ಮೂತಿಯಿಂದ ನಾಳವನ್ನು ಕಚ್ಚಿ ಹಿಡಿದು, ಬೀಜ ಕತ್ತರಿಸಿ, ಸುತ್ತನ್ನು ಮೆಲ್ಲಗೆ ಕೆಳಕ್ಕೆ ತಳ್ಳಿದರು. ನಾಳ ತನಗೆ ತಾನೇ ಗಂಟಾಗಿ ಬಿಗಿಯಿತು. ಒಂದು ಹನಿ ರಕ್ತವೂ ಜಿನುಗಲಿಲ್ಲ.

ನಲವತ್ತು ವರ್ಷ ಗಂಟು ಹಾಕಿಯೇ ಅನ್ನ ತಿಂದವನು ಬಾಯಿ ಬಿಟ್ಟು ನೋಡಿದ. ಎಂಥ ಕೈ ಈ ಹೆಂಗಸಿನದು ಎನಿಸಿತು.

"ಇನ್ನೊಂದನ್ನ ಸ್ವಲ್ಪ ನಿಧಾನಕ್ಕೆ ಮಾಡ್ತೀರಾ?" ಎಂದು ಕೇಳಿದ. ಅವರು ನಿಧಾನವಾಗಿಯೇ ಮಾಡಿದರು. ಇವನ ಬೆರಳುಗಳು ಗಾಳಿಯಲ್ಲಿ ಅವರ ಬೆರಳುಗಳ ಹಿಂದೆಯೇ ಹೋದವು.

"ಒಂದು ತಿಂಗ್ಳು ಹೊರಗೆ ಬಿಡ್ಬೇಡಿ. ಹಳೇ ಚಪಲ ಇಳಿಯೋಕೆ ಅಷ್ಟು ದಿನ ಬೇಕು."

"ಗತ್ತೂ ಇಳಿಯತ್ತಾ, ಡಾಕ್ಟ್ರೇ?"

ಡಾಕ್ಟರಮ್ಮ ಬೀಜಗಳಿದ್ದ ತಟ್ಟೆಯನ್ನು ಗದ್ದದಿಂದಲೇ ತೋರಿಸಿದರು. "ನಾನು ತೆಗ್ದಿದ್ದು ಇಷ್ಟು. ಮಿಕ್ಕಿದ್ದೆಲ್ಲ ಅವನ ಹತ್ರಾನೇ ಇದೆ."

ಅವನಿಗೆ ನಂಬಿಕೆ ಬರಲಿಲ್ಲ. ಐದು ವಾರ ಪುಸ್ತಕಗಳಿಗೆ ಅಂಟಿನ ವಾಸನೆಯಷ್ಟೇ ಇತ್ತು, ಮೇಡಂ ಎರಡು ಕಟ್ಟು ಹೆಚ್ಚಿಗೆ ಕಳಿಸಿದರು. ದಳವಾಯಿ ಉಂಡು ಮಲಗುತ್ತಿದ್ದ. ಅವನನ್ನು ನೋಡಿದಾಗಲೆಲ್ಲ ಇವನಿಗೆ ತಾನೇ ದ್ರೋಹ ಬಗೆದಂತೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಹೆಣ್ಣು ಬೆಕ್ಕು ಕೂಗಿತು. ಅವನು ಸೂಜಿ ಕೆಳಗಿಟ್ಟು, ತಾನೇ ಹೋಗಿ ಬಾಗಿಲು ತೆರೆದ. ಗೋಡೆಯ ಮೇಲೆ ಹೆಣ್ಣು ಹೊರಳಾಡುತ್ತಿತ್ತು. ಪಕ್ಕದಲ್ಲಿ ದಪ್ಪ ಕೆನ್ನೆಯ ಕೆಂಚು ಗಡವ. ದಳವಾಯಿ ಗಾಳಿ ಮೂಸಿ, ಅಂಗಳ ದಾಟಿ, ಒಂದೇ ನೆಗೆತಕ್ಕೆ ಗೋಡೆ ಏರಿದ. ಕೆಂಚ ಗುರುಗುಟ್ಟಿದ. ದಳವಾಯಿ ಅವಸರವಿಲ್ಲದೆ ನೇರ ಅವನತ್ತಲೇ ನಡೆದ. ಗೋಡೆ ಒಬ್ಬನಿಗಷ್ಟೇ ಅಗಲ. ಕೆಂಚ ಕಿವಿ ಮಡಿಚಿ ಆಚೆ ಧುಮುಕಿದ.

ಹೆಣ್ಣು ಕೂಗುತ್ತಲೇ ಇತ್ತು. ದಳವಾಯಿ ಅದನ್ನು ದಾಟಿ, ಗೋಡೆಯ ಕೊನೆಯಲ್ಲಿ ಬಿಸಿಲು ಬಿದ್ದ ಕಡೆ ಕೂತು, ಮುಂಗಾಲು ನೆಕ್ಕತೊಡಗಿದ.

"ಬಾಗ್ಲು ಹಾಕ್ಲಾ ರೀ?" ಎಂದಳು ಹೆಂಡತಿ ಒಳಗಿನಿಂದ.

"ಬೇಡ, ಇರ್ಲಿ" ಎಂದ ಅವನು. ಕಣ್ಣು ಒರೆಸಿಕೊಂಡು, ಹೊಸ್ತಿಲಲ್ಲೇ ಕೂತು ನೋಡಿದ.