ಎರಡು ಎಬಿ ಎಲ್ಲಿಂದ ಬಂತು

ಸರಿಯುತ್ತರ ಕಿವಿಗೆ ಬಿದ್ದಾಗಲೂ ಶಂಕರಲಿಂಗ ಮಾಸ್ತರರ ಮುಖ ಅರಳುತ್ತಿರಲಿಲ್ಲ. ಗಡಿಯಾಚೆಯ ಸಾಂಕೋಲೆಯ ಕನ್ನಡ ಶಾಲೆಯ ಎಂಟನೆಯ ತರಗತಿಯಲ್ಲಿ, ಬೆವರಿಗೆ ಬೆನ್ನಿಗಂಟಿದ ತುಂಬುತೋಳಿನ ಅಂಗಿಯಲ್ಲಿ, ಒಂದು ಕೈಯನ್ನು ಗೋಡೆಗೆ ಊರಿ ಮಂದಗತಿಯಲ್ಲಿ ನಡೆಯುತ್ತ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಯಾಕ?" ಕಟ್ಟಡದ ಕೆಲಸ ಮುಗಿದೊಡನೆ ಗಂಟುಮೂಟೆ ಕಟ್ಟುವ ಕೂಲಿಕಾರರ ಮಕ್ಕಳು, ಆ ಪ್ರಶ್ನೆಗೆ ಉತ್ತರ ಹೊಳೆಯುವಷ್ಟರಲ್ಲಿ ಶಾಲೆಯನ್ನೇ ಬಿಟ್ಟು ಹೋಗಿರುತ್ತಿದ್ದರು. ಅರ್ಧಕ್ಕೆ ನಿಂತ ಆ ಪಾಠಗಳ ಭಾರವೆಲ್ಲ ಮಾಸ್ತರರ ಕಾಲಿಗಿಳಿದಂತಿತ್ತು.

ಆ ಮಳೆಗಾಲದಲ್ಲಿ ಅವರನ್ನು ಹೆಚ್ಚು ದಣಿಸಿದವಳು ಶ್ವೇತಾ. ಬಹುಪದೋಕ್ತಿಯ ಲೆಕ್ಕದಲ್ಲಿ ಎ ಮತ್ತು ಬಿಗಳ ಮೊತ್ತವನ್ನು ವರ್ಗ ಮಾಡೆಂದರೆ, ಎ ವರ್ಗ, ಬಿ ವರ್ಗ ಬರೆದು ನಿಲ್ಲಿಸಿಬಿಡುತ್ತಿದ್ದಳು.

"ನಡುವ ಎರಡು ಎಬಿ ಎಲ್ಲಿಂದ ಬರತೈತ್ರಿ ಸರ? ನನಗ ಕಾಣಂಗಿಲ್ಲ," ಎಂದಳು ಒಮ್ಮೆ, ಸಿಟ್ಟಿನಿಂದಲೇ.

ಮರುದಿನ ಪೈಥಾಗೊರಸನ ಪ್ರಮೇಯದ ಪಾಠ. ಮಾಸ್ತರರು ಕರಿಹಲಗೆಯ ಮೇಲೆ ಎ ಮತ್ತು ಬಿ ಕೂಡಿದಷ್ಟು ಬದಿಯ, ಒಂದೇ ಅಳತೆಯ ಎರಡು ಚೌಕ ಬರೆದರು. ಒಂದರೊಳಗೆ ಎ ವರ್ಗ, ಬಿ ವರ್ಗ, ಉಳಿದ ಜಾಗದಲ್ಲಿ ಎರಡು ಆಯತ. ಇನ್ನೊಂದರ ಮೂಲೆಗಳಲ್ಲಿ ನಾಲ್ಕು ಲಂಬಕೋನ ತ್ರಿಭುಜ, ನಡುವೆ ಓರೆಯಾಗಿ ಕೂತ ವಿಕರ್ಣದ ಚೌಕ, ಸಿ ವರ್ಗ. ಅಷ್ಟರಲ್ಲಿ ಶ್ವೇತಾಳ ಅಪ್ಪ ಭೀಮಶಿ ಬಾಗಿಲಿಗೆ ಬಂದ.

"ಸಾವರ್ಡೆಕ್ಕ ಹೊಂಟೇವ್ರಿ ಸರ. ಟೆಂಪೋ ನಿಂತೈತಿ, ಹುಡುಗೀನ ಕಳಸ್ರಿ."

"ಅಲ್ಲಿ ಸಾಲಿ?"

"ನೋಡಬೇಕ್ರಿ."

ಆ ಮಾತಿನ ಅರ್ಥ ಮಾಸ್ತರರಿಗೆ ಗೊತ್ತಿತ್ತು, ವಾದಿಸುವ ತ್ರಾಣವಿರಲಿಲ್ಲ. "ಇದೊಂದು ಮುಗೀಲಿ, ಕುಂದರ್ರಿ" ಎಂದು ಶ್ವೇತಾಳ ಕೈಗೆ ಸೀಮೆಸುಣ್ಣ ಕೊಟ್ಟರು. ಹೊರಗೆ ಹಾರ್ನು ಕೂಗುತ್ತಿತ್ತು. ತ್ರಿಭುಜಗಳನ್ನು ಎರಡೆರಡಾಗಿ ಜೋಡಿಸಿ ಬರೆಯುತ್ತಿದ್ದ ಹುಡುಗಿಯ ಕೈ ಗಕ್ಕನೆ ನಿಂತಿತು.

"ಸರ, ಎರಡು ಎಬಿ ಇಲ್ಲೇ ಐತ್ರಿ! ಅಲ್ಲಿ ಆಯತ ಆಗೇತಿ, ಇಲ್ಲಿ ಮೂಲ್ಯಾಗ ಕುಂತೈತಿ. ಎರಡೂ ಕಡೆ ತಗದ್ರ, ಅತ್ಲಾಗ ಎ ವರ್ಗ ಬಿ ವರ್ಗ, ಇತ್ಲಾಗ ಸಿ ವರ್ಗ. ಸಮ!"

"ಯಾಕ?"

"ಚೌಕ ಎರಡೂ ಒಂದ ಅಳತೀವು. ತಗದದ್ದೂ ಅಷ್ಟ ಅಲ್ರಿ?"

ಮಾಸ್ತರರು ಮತ್ತೇನೂ ಕೇಳಲಿಲ್ಲ. ಅವಳು ಸುಣ್ಣದ ಕೈಯಲ್ಲೇ ಚೀಲ ಎತ್ತಿಕೊಂಡು ಹೋದಳು.

ಮುಂದಿನ ವಾರ ಅವರು ರಜೆ ಹಾಕಿ, ಬಸ್ಸು ಬದಲಿಸಿ ಸಾವರ್ಡೆಗೆ ಹೋದಾಗ ಶ್ವೇತಾ ಕೈಗೂಸು ತಂಗಿಯನ್ನು ಸೊಂಟದಲ್ಲಿಟ್ಟುಕೊಂಡು ಶೆಡ್ಡಿನ ಮುಂದೆ ನಿಂತಿದ್ದಳು.

"ಈಕಿ ಸಾಲಿಗಿ ಹೋದ್ರ ಕೂಸಿನ್ನ ಯಾರು ನೋಡಬೇಕ್ರಿ?" ಎಂದ ಭೀಮಶಿ.

ಒಳಗಿನಿಂದ ಅವನ ಹೆಂಡತಿ ಬಾಳಮ್ಮ ಹೇಳಿದಳು: "ಕೆಲಸಕ್ಕ ನಾನ ಕೂಸಿನ್ನ ಬೆನ್ನಿಗಿ ಕಟಗೊಂಡು ಹೋಗತೇನಿ. ಆಕಿ ಹೋಗಲಿ."

ಹತ್ತಿರವಿದ್ದದ್ದು ಮರಾಠಿ ಶಾಲೆ. ಮಾಸ್ತರರು ಕರೆದೊಯ್ದಾಗ ಅಲ್ಲಿಯವರು ಸೇರಿಸಿಕೊಂಡರು; ಆದರೆ ಭಾಷೆ ಬಾರದವಳು ಒಂದು ತರಗತಿ ಹಿಂದೆ ಕೂರಬೇಕೆಂದರು.

"ಮತ್ತ ಏಳನೇತ್ತ ಏನ್ರಿ ಸರ?" ಶ್ವೇತಾಳ ಕಣ್ಣು ತುಂಬಿದವು.

"ಹೂಂ" ಎಂದರು ಮಾಸ್ತರರು. ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆ ಬಡಿಯುತ್ತಿದ್ದರೂ ಎಚ್ಚರವಾಗದಷ್ಟು ನಿದ್ದೆಹೋದರು.

ಇಂಥವರನ್ನು ಆಶಾವಾದಿಗಳೆಂದು ಹೊಗಳುವುದು ಅವರಿಗೆ ಮಾಡುವ ಅನ್ಯಾಯ. ಆಶೆ ಅವರಲ್ಲಿ ಎಂದೋ ಸವೆದುಹೋಗಿರುತ್ತದೆ. ಗೆದ್ದೆನೆಂಬ ಸುಖವೂ ಅವರಿಗೆ ದಕ್ಕುವುದಿಲ್ಲ. ಆದರೂ ಬೆಳಗಾದರೆ ಎದ್ದು, ಯಾರೂ ಹೇಳದ ದಾರಿಯನ್ನು ಯಾರಿಗೋಸ್ಕರವೋ ಸವೆಸಿ ಬರುತ್ತಾರೆ. ಲೋಕದ ಎಷ್ಟೋ ಮಕ್ಕಳು ಓದಿದ್ದು ಇಂಥ ದಣಿದವರ ಕೈಯಿಂದ.