ತೊಂಬತ್ತೆರಡು ಡಿಗ್ರಿ

ಹಳೇ ರೆಕಾರ್ಡ್ ಪ್ಲೇಯರ್ ರಿಪೇರಿ ನನ್ನ ಕಸುಬು. ಅಂದಾಜಿನ ಮೇಲೆ ಮುಳ್ಳು ಕೂರಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೋಪ ಮೂಗಿನ ತುದಿಯಲ್ಲೇ. ಅಂಗಡಿಗೆ ಬಂದವರು ಬೈಸಿಕೊಳ್ಳದೆ ವಾಪಸು ಹೋದದ್ದು ಕಡಿಮೆ.

ಅಮ್ಮನ ಧ್ವನಿ ಇರುವ ರೆಕಾರ್ಡ್ ತಟ್ಟೆ ಒಂದೇ ಒಂದು. ನಾನು ಹೊಟ್ಟೆಯಲ್ಲಿದ್ದಾಗ ಯಾವುದೋ ಸ್ಟುಡಿಯೋದಲ್ಲಿ ಮಾತಾಡಿ ಕೊರೆಸಿದ್ದು. ನನ್ನನ್ನು ಹೆತ್ತ ಮೂರನೇ ದಿನ ಅವಳು ಹೋದಳು. ಅಪ್ಪ ಅಡಗಿಸಿಟ್ಟಿದ್ದ ಆ ತಟ್ಟೆ ಹೋದ ತಿಂಗಳು ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿತು. ನನ್ನನ್ನು ಸಾಕಿದವಳು ಅಕ್ಕ. ಆಗ ಅವಳಿಗೆ ಹನ್ನೊಂದು ವರ್ಷ. ಈಗ ಅವಳು ಆಸ್ಪತ್ರೆಯಲ್ಲಿದ್ದಾಳೆ. ಔಷಧಿಯಿಂದ ಕಿವಿ ದಿನೇ ದಿನೇ ಮಂದವಾಗುತ್ತಿದೆ, ಇನ್ನೊಂದು ವಾರ ಕೇಳಿಸಿದರೆ ಹೆಚ್ಚು ಎಂದು ನರ್ಸ್ ಹೇಳಿದ್ದರು.

"ಕಿವಿ ಪೂರ್ತಿ ಹೋಗೋದ್ರೊಳಗೆ ಅಮ್ಮನ ಮಾತು ಒಂದ್ಸಲ ಕೇಳಿಸಿಬಿಡೋ" ಎಂದಿದ್ದಳು ಅಕ್ಕ. ಬದುಕಿನಲ್ಲಿ ಅವಳು ನನ್ನಿಂದ ಬೇಡಿದ್ದು ಇಷ್ಟೇ.

ತಟ್ಟೆಯ ಕಪ್ಪು ಲೇಪ ಒಣಗಿ ಬಿರುಕು ಬಿಟ್ಟಿತ್ತು. ಒಂದು ಸಲ ಮುಳ್ಳು ಓಡಿದರೆ ಲೇಪ ಎದ್ದುಬರುತ್ತದೆ, ಎರಡನೇ ಸಲಕ್ಕೆ ಏನೂ ಉಳಿಯುವುದಿಲ್ಲ. ಆ ಒಂದೇ ಸಲದಲ್ಲಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು. ಮುಳ್ಳಿನ ಕೋನ ಕೊಂಚ ತಪ್ಪಿದರೂ ಮಾತು ಕಿವಿಗೆ ಹತ್ತುವುದಿಲ್ಲ.

ಬೆಳಗ್ಗೆಯೇ ಕೂತೆ. ಅಷ್ಟೇ ದಪ್ಪದ ಹಾಳು ರೆಕಾರ್ಡೊಂದರ ಮೇಲೆ ಮುಳ್ಳು ಇಳಿಸಿ, ಪಕ್ಕದಲ್ಲಿ ಡಿಜಿಟಲ್ ಮೈಕ್ರೋಸ್ಕೋಪ್ ನಿಲ್ಲಿಸಿ, ಅದರ ಕೇಬಲ್ ಲ್ಯಾಪ್‌ಟಾಪಿಗೆ ಚುಚ್ಚಿದೆ. ಪರದೆಯ ಮೇಲೆ ವಜ್ರದ ತುದಿ ಹೆಬ್ಬೆರಳಿನಷ್ಟು ದೊಡ್ಡದಾಗಿ ಕಂಡಿತು. ಗೆರೆ ಎಳೆದು ಅಳೆದರೆ ತೊಂಬತ್ತು ಡಿಗ್ರಿ. ಬೇಕಿದ್ದದ್ದು ತೊಂಬತ್ತೆರಡು. ಮುಳ್ಳು ಹೊತ್ತ ತೋಳಿನ ಹಿಂಬದಿಯನ್ನು ಎತ್ತಿದೆ, ತೊಂಬತ್ತೊಂದು. ಮತ್ತೆ ಎತ್ತಿದೆ, ತೊಂಬತ್ತಮೂರು. ಥೂ, ಇದರ ಮನೆ ಹಾಳಾಗ! ಮೂರು ಗಂಟೆಯ ಹೊತ್ತಿಗೆ ತೊಂಬತ್ತೆರಡಕ್ಕೆ ಬಂದು ಕೂತಿತು. ಊಟದ ನೆನಪೇ ಆಗಿರಲಿಲ್ಲ.

ಅಮ್ಮನ ತಟ್ಟೆ ಇಟ್ಟು, ರೆಕಾರ್ಡಿಂಗ್ ಒತ್ತಿ, ಮುಳ್ಳು ಇಳಿಸಿದೆ. ಕರಕರ ಸದ್ದಿನೊಳಗಿಂದ ಒಂದು ಹೆಣ್ಣು ದನಿ ನಕ್ಕಿತು.

"ಪುಟ್ಟೀ, ಪಾಪು ಬಂದ್ಮೇಲೆ ನೀನೇ ಎತ್ಕೋಬೇಕು ಕಣೇ. ಅಳಿಸ್ಬೇಡ."

ಅರವತ್ತೆರಡು ವರ್ಷಕ್ಕೆ ಮೊದಲ ಸಲ ಅಮ್ಮನ ದನಿ ಕೇಳಿದೆ. ಗೊಳೋ ಎಂದು ಅತ್ತುಬಿಟ್ಟೆ. ಮುಳ್ಳಿನ ಹಿಂದೆ ಲೇಪ ಕಪ್ಪು ನೂಲಾಗಿ ಎದ್ದು ಬರುತ್ತಿತ್ತು. ಬರಲಿ ಬಿಡು, ಲ್ಯಾಪ್‌ಟಾಪಿಗೆ ಇಳಿಯಿತಲ್ಲ ಎಂದುಕೊಂಡೆ.

ಇಳಿದಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಕೇಬಲ್ ಚುಚ್ಚಲು ಕೆಲಸ ಮಾಡುವ ತೂತು ಒಂದೇ. ಲ್ಯಾಪ್‌ಟಾಪಿನ ಸ್ವಂತ ಮೈಕ್ ಸತ್ತು ವರ್ಷವಾಗಿತ್ತು. ಮೈಕ್ರೋಸ್ಕೋಪಿನ ಕೇಬಲ್ ಕಿತ್ತು ಪ್ಲೇಯರಿನ ಕೇಬಲ್ ಚುಚ್ಚಬೇಕಿತ್ತು. ಡಿಗ್ರಿ ಡಿಗ್ರಿ ಎಂದು ಪ್ರಾಣ ಬಿಡುತ್ತಿದ್ದವನಿಗೆ ಅದು ಹೊಳೆಯಲೇ ಇಲ್ಲ. ಫೈಲಿನಲ್ಲಿ ಇದ್ದದ್ದು ಮೂರು ನಿಮಿಷದ ಮೌನ.

ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣವೆಂದು ಲ್ಯಾಪ್‌ಟಾಪ್ ಹಿಡಿದು ಆಸ್ಪತ್ರೆಗೆ ಹೋದೆ. ಅಕ್ಕ ತಲೆ ಬಾಚಿಸಿಕೊಂಡು ಕಾಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಇಯರ್‌ಫೋನ್ ಕಿತ್ತುಕೊಂಡು ತಾನೇ ಸಿಕ್ಕಿಸಿಕೊಂಡಳು. ಊರಿಗೆಲ್ಲ ಬೈಯುವುದಷ್ಟೇ ನನಗೆ ಗೊತ್ತು. ಹೇಡಿ ನಾನು. ಫೈಲು ಒತ್ತಿದೆ.

ಮೂರು ನಿಮಿಷ ಕಣ್ಣು ಮುಚ್ಚಿ ಕೂತಿದ್ದಳು. ಆಮೇಲೆ ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟಳು.

"ಏನೂ ಕೇಳಿಸ್ಲಿಲ್ಲ ಕಣೋ. ಸಣ್ಣ ಸದ್ದೆಲ್ಲ ಹೋಗೇಬಿಡ್ತು ಅನ್ಸುತ್ತೆ. ನಿನಗೆ ಕೇಳಿಸ್ತಾ?"

ಕಿವಿಯ ಹತ್ತಿರ ಬಾಗಿ, ಕೇಳಿಸಿತು ಎಂದೆ. ಅದೊಂದು ಮಾತ್ರ ಸುಳ್ಳಲ್ಲ.

ಅವಳು ನನ್ನ ಬೆನ್ನು ಸವರಿದಳು. "ಅಳ್ಬೇಡ ಪಾಪು. ನೀನು ಬೇಗನೇ ತಂದ್ಕೊಟ್ಟೆ. ನನ್ ಕಿವೀದೇ ತಪ್ಪು."

ನಾನು ಹೌದೆಂದು ತಲೆಯಾಡಿಸಿದೆ.